ಅಕ್ಕನ ಮನೆಯ ಪ್ಲಾಸ್ಟಿಕ್ ಬಾಗಿಲು

ಬಿಕರ್ನಕಟ್ಟೆಯ ನನ್ನ ಆಫೀಸಿನ ಗೋಡೆಯಲ್ಲಿ ಒಂದು ದೊಡ್ಡ ಫೋಟೋ ಇದೆ. ಮನೆಯೊಂದರ ಹಾಲ್. ಮುಂದಿನ ಗಾಜಿನಿಂದ ನೋಡಿದರೆ ಹಿಂದಿನ ಗಾಜಿನಾಚೆಯ ತೆಂಗಿನ ಮರದವರೆಗೆ ಕಣ್ಣಿಗೆ ಒಂದು ಅಡ್ಡಿಯೂ ಇಲ್ಲ. ಸೋಫಾ, ಊಟದ ಮೇಜು, ಅಡುಗೆಕಟ್ಟೆ ಎಲ್ಲವೂ ಒಂದೇ ಬೆಳಕಿನಲ್ಲಿ ಇವೆ. ಮನೆ ಮಾಡಿಸಲು ಬಂದವರು ನನ್ನ ಮಾತು ಮುಗಿಯುವ ಮೊದಲೇ ಅದರ ಮೇಲೆ ಬೆರಳಿಡುತ್ತಾರೆ. ನಮಗೂ ಇಂಥದ್ದೇ ಬೇಕು ಎನ್ನುತ್ತಾರೆ. ಆಗಬಹುದು ಎನ್ನುತ್ತೇನೆ. ಆ ಹಾಲಿನಲ್ಲಿ ಈಗ ಪ್ಲೈವುಡ್ಡಿನ ಅಡ್ಡಗೋಡೆ ಇದೆ, ಅದಕ್ಕೆ ಬಾತ್‌ರೂಮಿಗೆ ಹಾಕುವಂಥ ಪ್ಲಾಸ್ಟಿಕ್ ಬಾಗಿಲು ಇದೆ, ಬಾಗಿಲಿನ ಮೇಲೆ ಎರಡು ಡಾಲ್ಫಿನ್ ನೀರಿನಿಂದ ಮೇಲಕ್ಕೆ ಹಾರುತ್ತಿವೆ ಎಂದು ಹೇಳುವುದಿಲ್ಲ. ಅದು ನನ್ನ ಅಕ್ಕನ ಮನೆ ಎಂದೂ ಹೇಳುವುದಿಲ್ಲ.

ಈ ಸಂಗತಿಯನ್ನು ನಾನು ಕೆಲವು ಸ್ನೇಹಿತರಿಗೆ ಹೇಳಿದ್ದುಂಟು. ಹೇಳುವಾಗ ಚೆನ್ನಾಗಿ ಬರುತ್ತದೆ. ಹಟಮಾರಿ ಅಕ್ಕ, ರಸಿಕ ತಮ್ಮ, ಡಾಲ್ಫಿನ್, ಎಲ್ಲರೂ ನಗುತ್ತಾರೆ. ಅಷ್ಟು ಚೆನ್ನಾಗಿ ಬರುವುದರಿಂದಲೇ ನನಗೆ ಅದರ ಮೇಲೆ ಸಂಶಯ. ಇಲ್ಲಿ ಚೆನ್ನಾಗಿ ಬರದ ಹಾಗೆ ಬರೆಯಲು ನೋಡುತ್ತೇನೆ.

ನನ್ನ ಕಸುಬಿನ ಬಗ್ಗೆ ನನಗೊಂದು ಜಂಬವಿತ್ತು. ಬೇರೆಯವರು ಚಿತ್ರ ತೋರಿಸಿ ಕೆಲಸ ಹಿಡಿಯುತ್ತಾರೆ, ನಾನು ಮನುಷ್ಯರನ್ನು ಕೇಳಿ ಮನೆ ಮಾಡುತ್ತೇನೆ ಎಂದು. ನಾಲ್ಕು ಪುಟಗಳ ಪ್ರಶ್ನೆಗಳ ಹಾಳೆ ಮಾಡಿಕೊಂಡಿದ್ದೆ. ಬೆಳಿಗ್ಗೆ ಮೊದಲು ಏಳುವವರು ಯಾರು, ಚಹಾ ಎಲ್ಲಿ ಕೂತು ಕುಡಿಯುತ್ತೀರಿ, ಜಗಳವಾದರೆ ಯಾರು ಯಾವ ಕೋಣೆಗೆ ಹೋಗಿ ಸೇರುತ್ತೀರಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೀನಿನ ವ್ಯಾಪಾರದ ಒಬ್ಬರಿಗೆ ಹಿತ್ತಿಲ ಬಾಗಿಲ ಹೊರಗೇ ಸ್ನಾನದ ಕೋಣೆ ಮಾಡಿಕೊಟ್ಟೆ. ಮೀನು ಇಳಿಸುವ ದಕ್ಕೆಯಿಂದ ಬಂದವರು ಮೈ ತೊಳೆಯದೆ ಒಳಗೆ ಕಾಲಿಡಬಾರದೆಂದು ಅವರ ಹೆಂಡತಿಯ ಷರತ್ತು. ಇಡೀ ಜೀವಮಾನ ಬ್ಯಾಂಕಿನ ಕ್ಯಾಶ್ ಗೂಡಿನಲ್ಲಿ ಕೂತು ನಿವೃತ್ತರಾದ ಒಬ್ಬರಿಗೆ ಮೂರು ಗೋಡೆ ಒಡೆಸಿ ಉದ್ದಕ್ಕೆ ಒಂದೇ ಕೋಣೆ ಮಾಡಿದೆ. ಅವರು ಅದರಲ್ಲಿ ಬೆಳಗ್ಗೆ ಸಂಜೆ ವಾಕಿಂಗ್ ಮಾಡುತ್ತಾರಂತೆ. ಈ ಕ್ಯಾಶಿಯರ್ ಮುಂದೆ ಬರುತ್ತಾರೆ, ಅದಕ್ಕೇ ಹೇಳಿದೆ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಗಲ್ಫಿನಲ್ಲಿ ವೆಲ್ಡರ್ ಆಗಿದ್ದವರು. ಎಂಟು ಜನರ ಒಂದು ಕೋಣೆಯಲ್ಲಿ ಅವರ ವಯಸ್ಸು ಕಳೆಯಿತು. ಊರಿಗೆ ಬಂದು ಕಾಟಿಪಳ್ಳದಲ್ಲಿ ಜಾಗ ತೆಗೆದುಕೊಂಡಾಗ ಎಲ್ಲರೂ ಬೇಡವೆಂದರು, ರಿಫೈನರಿಯ ವಾಸನೆ ಅಂತ. ಅದು ಬಂದರೆ ನನಗೆ ಡ್ಯೂಟಿಯಲ್ಲಿದ್ದ ಹಾಗೆ ನಿದ್ದೆ ಬರ್ತದೆ ಎಂದು ಅವರು ನಕ್ಕರು. ಮಾತು ಕಡಿಮೆಯ, ನಾಚಿಕೆಯ ಮನುಷ್ಯ. ಊಟಕ್ಕೆ ಕೂತರೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಎಂಟು ಜನರ ಕಣ್ಣಿನ ಎದುರು ತಿಂದು ತಿಂದು ಬಂದ ಅಭ್ಯಾಸವಿರಬೇಕು. ಮದುವೆ ಹಾಲಿನಲ್ಲೂ ಮೂಲೆ ಹುಡುಕುತ್ತಿದ್ದರು. ಭಾವನಿಗೆ ನಾವು ಬಡಿಸುವುದಲ್ಲ, ಗೋಡೆಗೆ ಬಡಿಸುವುದು ಎಂದು ನಾನೇ ಅಪಹಾಸ್ಯ ಮಾಡುತ್ತಿದ್ದೆ. ಈ ಅಪಹಾಸ್ಯ ನನ್ನದೇ ಎಂಬುದರಲ್ಲಿ ಸಂಶಯವಿಲ್ಲ. ಅಕ್ಕ ಅದನ್ನು ಮರೆತಿಲ್ಲ.

ಮನೆಯ ಸಿಮೆಂಟು ಸಾರಣೆ ಆಗಿ, ಗೋಡೆಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದ ಒಂದು ಬೆಳಿಗ್ಗೆ ಭಾವ ಅಲ್ಲೇ ಕುಸಿದರು. ಆಸ್ಪತ್ರೆಗೆ ಮುಟ್ಟಲಿಲ್ಲ. ತಾನು ಕಟ್ಟಿಸಿದ ಮನೆಯಲ್ಲಿ ಒಂದು ಹೊತ್ತಿನ ಊಟ ಮಾಡಲಿಲ್ಲ ಎಂದು ಅಕ್ಕ ಹೇಳಿದಳು. ಆಮೇಲೆ ಎಷ್ಟೋ ಸಲ ಹೇಳಿದಳು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಉಳಿದ ಕೆಲಸವನ್ನು ನನ್ನ ಕೈಗೆ ಕೊಟ್ಟಳು.

ನಾನು ಹಾಳೆ ತೆಗೆದುಕೊಂಡು ಹೋದೆ. ಮನೆಯಲ್ಲಿ ಎಷ್ಟು ಜನ ಎಂಬುದು ಮೊದಲ ಪ್ರಶ್ನೆ. ಅಲ್ಲಿ ನನ್ನ ಅಕ್ಷರದಲ್ಲಿ ಎರಡು ಎಂದಿದೆ: ಅಕ್ಕ, ಮತ್ತು ಆಗ ಕಾಲೇಜಿನಲ್ಲಿದ್ದ ಅವಳ ಮಗಳು. ಅಕ್ಕ ಆಗ ಭಾವನನ್ನೂ ಸೇರಿಸಿ ಮೂರು ಎಂದಿದ್ದಳೇ? ಎಂದಿದ್ದರೆ ಒಳ್ಳೆಯದಿತ್ತು, ನನ್ನ ತಪ್ಪಿಗೆ ಒಂದು ಸ್ಪಷ್ಟ ಆಕಾರ ಸಿಗುತ್ತಿತ್ತು. ಎಷ್ಟು ನೆನಪಿಸಿಕೊಂಡರೂ ಅವಳ ಕೈ ಮಾತ್ರ ಕಾಣುತ್ತದೆ, ಬಸಳೆ ಬಿಡಿಸುತ್ತಿದ್ದದ್ದು.

ಒಂದು ಮಾತನ್ನಂತೂ ಅವಳು ಹೇಳಿದ್ದಳು. ಹಾಲಿನ ನೈಋತ್ಯ ಮೂಲೆಯಲ್ಲಿ ಚಿಕ್ಕದೊಂದು ಕೋಣೆ ಬೇಕು, ಅದಕ್ಕೆ ಹಾಕಲಿಕ್ಕೆ ಆಗುವ ಬಾಗಿಲು ಬೇಕು.

"ಆಟಿಗೆ ಬೇಕಾಗ್ತದೆ," ಎಂದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವುದುಂಟು. ಒಳಗಿನ ಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಬಾಗಿಲು ಹಾಕಿ ಎಲ್ಲರೂ ಹೊರಗೆ ಬರುತ್ತಾರೆ. ಅವರು ಬಂದು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ನೋಡಬಾರದು. ಆಮೇಲೆ ಬಾಗಿಲಿಗೆ ಮೆಲ್ಲನೆ ತಟ್ಟಿ, ಕೆಮ್ಮಿ, ತೆರೆಯುವುದು. ಎಲೆಯ ಮೇಲೆ ಒಂದು ಅಗುಳು ಸರಿದಿದ್ದರೂ ಸಾಕು, ಬಂದಿದ್ದರು ಎಂದು ಸಮಾಧಾನ. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಆ ಬಾಗಿಲ ಹೊರಗೆ ನಾನೂ ಉಸಿರು ಹಿಡಿದು ನಿಂತಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆದರೆ ಆ ಮೂಲೆಯಲ್ಲಿ ಗೋಡೆ ಬಂದರೆ ಗಾಜಿನಿಂದ ಗಾಜಿಗೆ ಹೋಗುವ ನೋಟ ಕಡಿಯುತ್ತಿತ್ತು. ನಾನು ಆ ನೋಟವನ್ನು ಆಗಲೇ ಕಾಗದದಲ್ಲಿ ಬರೆದಾಗಿತ್ತು, ಅದರ ಪ್ರೀತಿಯಲ್ಲಿ ಬಿದ್ದಾಗಿತ್ತು. ಅಕ್ಕ ಬಿಡಲಿಲ್ಲ. ಆಗ ನಾನು ಭಾವನ ಮಾತನ್ನು ಹೇಳಿದೆ. ಪಂಪ್‌ವೆಲ್‌ನಲ್ಲಿ ಫ್ಲೈಓವರಿನ ಕೆಳಗೆ ಕಾರು ಸಿಕ್ಕಿಹಾಕಿಕೊಂಡಿತ್ತು, ಭಾವ ಪಕ್ಕದಲ್ಲಿದ್ದರು, ಮನೆಯ ಮಾತು ಬಂತು, "ಗೋಡೆ ಕಡಿಮೆ ಇರಲಿ ಮಾರಾಯ, ಗೋಡೆ ನೋಡಿ ನೋಡಿ ಸಾಕಾಗಿದೆ" ಎಂದರು. ಎಂಟು ಜನರ ಕೋಣೆಯಲ್ಲಿ ಬದುಕಿದವರು ಬೇರೇನು ಕೇಳುತ್ತಾರೆ ಅಕ್ಕ ಎಂದು ನಾನೂ ಸೇರಿಸಿದೆ.

ಅವಳು ಬಸಳೆ ಬಿಡಿಸುವುದನ್ನು ನಿಲ್ಲಿಸಿದಳು.

"ಅವರೇ ಹೇಳಿದ್ದಾದರೆ ಆಯ್ತು," ಎಂದಳು.

ಮರದ ಕೆಲಸದ ಆಚಾರಿಗೆ ಆ ಮೂಲೆಯ ದಾರಂದ, ಅಂದರೆ ಬಾಗಿಲ ಚೌಕಟ್ಟು, ಬೇಡವೆಂದು ಹೇಳಿದೆ. ಮತ್ತೆ ಆಟಿಗೆ ಎಂತ ಮಾಡ್ತೀರಿ ಎಂದು ಅವನೂ ಕೇಳಿದ. ಅಥವಾ ಕೇಳಿದನೆಂದು ಈಗ ನನಗೆ ಅನ್ನಿಸುತ್ತದೆ. ಗೃಹಪ್ರವೇಶದ ಒಕ್ಕಲಿಗೆ ಬಂದವರೆಲ್ಲ ಮನೆ ಹೊಗಳಿದರು. ನಾನು ಫೋಟೋ ತೆಗೆಸಿದೆ.

ಆಟಿ ಬಂತು. ಮಲಗುವ ಕೋಣೆಗಳಲ್ಲಿ ಎಲೆ ಹಾಕುವ ಹಾಗಿರಲಿಲ್ಲ. ಮಂಚ, ಪಕ್ಕದಲ್ಲೇ ಕಕ್ಕಸು. ಹಾಲಿನ ಮೂಲೆಯಲ್ಲೇ ಎಲೆ ಹಾಕಿದರು. ಕೋಳಿ ಸಾರು, ರೊಟ್ಟಿ, ಒಣ ಸಿಗಡಿಯ ಚಟ್ನಿ. ಚಟ್ನಿ ಭಾವನಿಗೆ ಜೀವ. ಮುಚ್ಚಲು ಬಾಗಿಲಿಲ್ಲದ್ದರಿಂದ ಎಲ್ಲರೂ ಹೊರಗೆ ಬಂದು ಮುಂದಿನ ಗಾಜಿನ ಬಾಗಿಲನ್ನೇ ಎಳೆದೆವು. ಕಾರು ನಿಲ್ಲಿಸುವ ಶೀಟಿನ ಕೆಳಗೆ, ಮಳೆಯ ಎರಚಲಿನಲ್ಲಿ, ಮನೆಗೆ ಬೆನ್ನು ಹಾಕಿ ಸಾಲಾಗಿ ನಿಂತೆವು. ಪರದೆ ಇರಲಿಲ್ಲ, ಪರದೆ ಬೇಡವೆಂದವನೂ ನಾನೇ. ಎದುರು ಮನೆಯ ಹೆಂಗಸು ಗೇಟಿನ ಹತ್ತಿರ ಬಂದು, ಎಂತ, ಬೀಗದ ಕೈ ಒಳಗೇ ಉಳಿಯಿತಾ, ನಮ್ಮ ಮನೆಯಲ್ಲಿ ಕೂತುಕೊಳ್ಳಿ ಎಂದು ಕರೆದರು. ಸೊಸೆ, ಅಂದರೆ ಅಕ್ಕನ ಮಗಳು, ಹೋಗಿ ಅವರ ಹತ್ತಿರ ಏನೋ ಹೇಳಿ ಬಂದಳು. ಅಷ್ಟರಲ್ಲಿ ಅಕ್ಕ ತಿರುಗಿ ನೋಡುತ್ತಿದ್ದಳು. ನಾನೂ ತಿರುಗಿದೆ. ನನ್ನ ಹಾಲ್ ಇಡೀ ಕಾಣುತ್ತಿತ್ತು: ಎಲೆ, ದೀಪ, ಅದರಾಚೆ ಗಾಜು, ಅದರಾಚೆ ತೆಂಗಿನ ಮರ. ಯಾರೂ ಬರದಿರುವುದು ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತು.

ಒಳಗೆ ಹೋದಾಗ ಎಲೆಯಲ್ಲಿ ಯಾವುದೂ ಸರಿದಿರಲಿಲ್ಲ. ಅಕ್ಕ ಎಲೆ ಎತ್ತಲಿಲ್ಲ. ನನ್ನ ಕಡೆ ನೋಡದೆ ಹೇಳಿದಳು:

"ಬರಲಿಲ್ಲ. ಇಷ್ಟು ಬಯಲಲ್ಲಿ ಅವರು ಯಾವಾಗ ಊಟ ಮಾಡಿದ್ದಾರೆ? ನಿನಗೆ ಗೊತ್ತುಂಟಲ್ಲ."

ಆ ವರ್ಷ ಅವಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ನಾನು ಅವಳ ಮೂಢನಂಬಿಕೆಯ ಬಗ್ಗೆ ನನ್ನೊಳಗೆ ಭಾಷಣ ಮಾಡಿಕೊಂಡೆ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದು. ಆದರೆ ನಂಬಿಕೆಯಿಲ್ಲದವರಿಗಾಗಿಯೇ ಮನೆ ಮಾಡುತ್ತೇನೆಂದು ನನ್ನ ನಾಲ್ಕು ಪುಟಗಳಲ್ಲಿ ಎಲ್ಲೂ ಬರೆದಿರಲಿಲ್ಲ.

ಮುಂದಿನ ಆಟಿಗೆ ಸ್ವಲ್ಪ ಮೊದಲು ಕ್ಯಾಶಿಯರ್ ಫೋನು ಮಾಡಿ, ಉದ್ದ ಕೋಣೆಯ ಬಣ್ಣ ಯಾವುದಿತ್ತು, ಮತ್ತೆ ಹೊಡೆಸಬೇಕು ಎಂದರು. ಅವರ ಫೈಲು ತೆಗೆದೆ. ಎರಡನೇ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಅವರ ಮಾತು ಇತ್ತು. ಗೋಡೆ ಕಡಿಮೆ ಇರಲಿ ಮಾರಾಯರೇ, ಗೋಡೆ ನೋಡಿ ನೋಡಿ ಸಾಕಾಗಿದೆ.

ಭಾವ ಊರಿಗೆ ಬರುವ ಮೊದಲೇ ಬರೆದ ಹಾಳೆ ಅದು.

ನಾನು ಪಂಪ್‌ವೆಲ್‌ಗೆ ವಾಪಸು ಹೋಗಲು ನೋಡಿದೆ. ಫ್ಲೈಓವರಿನ ಕಂಬ ಇದೆ. ತಲಪಾಡಿ, ತಲಪಾಡಿ ಎಂದು ಕೂಗುವ ಕಂಡಕ್ಟರ್ ಇದ್ದಾನೆ. ಭಾವ ಸೀಟಿನಲ್ಲಿದ್ದಾರೆ, ಮೊಣಕಾಲಿನ ಮೇಲೆ ಕೈ ಇದೆ. ತುಟಿ ಅಲ್ಲಾಡುವುದಿಲ್ಲ. ಎಷ್ಟು ಹೊತ್ತು ಕಾದರೂ ಅವರು ಏನೂ ಹೇಳುವುದಿಲ್ಲ. ಬೇರೆ ಬೇರೆಯವರಿಗೆ ಬೇರೆ ಬೇರೆ ಮನೆ ಎಂದು ಹೇಳಿಕೊಂಡು ತಿರುಗಿದ ನಾನು ಒಬ್ಬರ ಬಾಯಿಯ ಮಾತನ್ನು ತೆಗೆದು ಇನ್ನೊಬ್ಬರ ಬಾಯಿಗೆ ಹಾಕಿದ್ದೆ, ಅದೂ ಅಲ್ಲವೆನ್ನಲು ಬಾಯಿಲ್ಲದವರಿಗೆ. ಬೇಕೆಂದೇ ಮಾಡಿದೆನೇ, ಮರೆವಿನಲ್ಲಿ ಆಯಿತೇ? ಮರೆವು ಎಂದರೆ ಹಗುರಾಗುತ್ತದೆ. ಹಗುರಾಗುವ ಉತ್ತರವನ್ನು ನಾನು ನಂಬುವುದಿಲ್ಲ.

ಆಟಿಯ ದಿನ ಸೊಸೆ ಫೋನು ಮಾಡಿದಳು. "ಮಾವ, ಅಮ್ಮ ಬಾಗಿಲು ಹಾಕಿಸಿದ್ದಾರೆ. ನೋಡಿ ಸಿಟ್ಟು ಮಾಡಬೇಡಿ."

ಹೋದೆ. ಹಾಲಿನ ಮೂಲೆಗೆ ಅಡ್ಡವಾಗಿ ಪ್ಲೈವುಡ್ ಬಂದಿತ್ತು, ಡಾಲ್ಫಿನ್ ಬಂದಿದ್ದವು. ಹಳೆಯ ಆಚಾರಿಯೇ ಚಿಲಕ ಬಿಗಿಯುತ್ತಿದ್ದ. ನನ್ನನ್ನು ನೋಡಿ, ಪಂಪ್‌ವೆಲ್ ಅಂಗಡಿಯಲ್ಲಿ ಗುಲಾಬಿ ಹೂವಿನದ್ದೂ ಇತ್ತು ಸಾರ್, ನಿಮ್ಮ ಲೆವೆಲ್ಲಿಗೆ ಡಾಲ್ಫಿನ್ ಆಗಬಹುದು ಅಂತ ತಂದೆ ಎಂದ. ನಾನು ಅಕ್ಕನ ಹತ್ತಿರ, ಇದು ಬೇಡ, ತೇಗದ್ದು ಮಾಡಿಸಿಕೊಡುತ್ತೇನೆ, ಗೋಡೆಯನ್ನೂ ಸರಿಯಾಗಿ ಕಟ್ಟಿಸುತ್ತೇನೆ ಎಂದೆ. ಆ ಹೊತ್ತಿನಲ್ಲೂ ನನಗೆ ಕಂಡದ್ದು ಮರದ ಜಾತಿ.

"ನಿನ್ನ ಕೆಲಸ ಆಯ್ತು," ಎಂದಳು.

ಸಂಜೆ ಒಳಗೆ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದು ಬಂದಳು. ನಾವು ಹಾಲಿನಲ್ಲಿ ನಿಂತೆವು. ಹೊರಗೆ ಮಳೆ ಹಿಡಿದಿತ್ತು. ಅಕ್ಕ ನನ್ನ ಪಕ್ಕಕ್ಕೆ ಬಂದು, ಬೇರೆಯವರಿಗೆ ಕೇಳದ ಹಾಗೆ ಕೇಳಿದಳು:

"ಒಂದು ಸತ್ಯ ಹೇಳು. ಗೋಡೆ ಬೇಡ ಅಂತ ಅವರು ಹೇಳಿದ್ದು ಹೌದಾ?"

ಕ್ಯಾಶಿಯರರ ಹಾಳೆ ಕಣ್ಣಿನ ಮುಂದಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

"ಹೌದು ಅಕ್ಕ," ಎಂದೆ.

ಅವಳ ಮುಖ ಸಡಿಲವಾಯಿತು. ಹಾಗಾದರೆ ನಿನ್ನದು ತಪ್ಪಿಲ್ಲ, ಅವರ ಬುದ್ಧಿ ಅವರಿಗೇ ಗೊತ್ತಿರಲಿಲ್ಲ ಎಂದಳು. ಒಂದು ವರ್ಷದ ನಂತರ ನನ್ನ ಭುಜದ ಮೇಲೆ ಕೈ ಇಟ್ಟಳು. ಆಮೇಲೆ ಬಾಗಿಲ ಹತ್ತಿರ ಹೋದಳು. ಪ್ಲಾಸ್ಟಿಕ್ಕಿಗೆ ತಟ್ಟಿದರೆ ಡಬ್ಬದ ಸದ್ದು ಬರುತ್ತದೆ. ಎರಡು ಸಲ ತಟ್ಟಿ, ಕೆಮ್ಮಿ, ಗಂಡನಿಗೆ ಮಾತ್ರ ಮಾತಾಡುತ್ತಿದ್ದ ಧ್ವನಿಯಲ್ಲಿ, "ಗೋಡೆ ಬೇಡ ಅಂದವರಿಗೆ ಈಗ ಗೋಡೆ ಬೇಕಾಯ್ತಲ್ಲ?" ಎಂದಳು. ನಕ್ಕಳು ಕೂಡ. ಭಾವ ಎಂದೂ ಹೇಳದ ಮಾತು ಅವರ ಹೆಂಡತಿಯ ನೆನಪಿನೊಳಗೆ ಹೋಗಿ ಕೂತಿತು. ಇನ್ನು ಅದನ್ನು ಅಲ್ಲಿಂದ ತೆಗೆಯಲು ನನ್ನಿಂದಾಗದು.

ಬಾಗಿಲು ತೆರೆದಳು. ಸಿಗಡಿ ಚಟ್ನಿ ಎಲೆಯ ಅಂಚಿಗೆ ಸ್ವಲ್ಪ ಜಾರಿತ್ತು. ನೆಲ ಆ ಕಡೆಗೆ ಕೊಂಚ ಇಳಿಜಾರು, ಟೈಲ್ಸ್ ಹಾಕಿಸಿದವನು ನಾನು, ನನಗೆ ಗೊತ್ತು. ಅಕ್ಕ ಅದನ್ನು ಮಗಳಿಗೆ ತೋರಿಸಿದಳು. ಬಂದಿದ್ದಾರೆ ಎಂದಳು. ಸೊಸೆ ಅತ್ತಳು.

ಆ ಎಲೆಯಲ್ಲಿ ಮನೆಯವರು ಯಾರಾದರೂ ಊಟ ಮಾಡಬೇಕು. ನೀನೇ ಕೂರು, ಅವರ ಮಾತು ನಡೆಸಿದವನು ಎಂದು ಅಕ್ಕ ನನ್ನನ್ನು ಕೂರಿಸಿದಳು. ಚಿಕ್ಕ ಕೋಣೆ, ಹೇಗೆ ಕೂತರೂ ಗೋಡೆಗೆ ಮುಖ. ಅವಳು ಬಾಗಿಲನ್ನು ಅರ್ಧ ಎಳೆದು ಪಕ್ಕದಲ್ಲಿ ನಿಂತು ಬಡಿಸಿದಳು. ಊಟ ಚೆನ್ನಾಗಿತ್ತು. ನಾನು ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಂಡೆ.