ಹಿಂದೆ ಕೂರುವವರ ಪರ

ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟು ಕಂಡರೆ ಸೀಟು ಹೊಲಿಯುವ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತದೆ. "ಇದೇನು ಸೀಟೋ, ಗುಬ್ಬಿ ಕೂರೋ ತಂತಿಯೋ?" ಎಂದು ಗೊಣಗುತ್ತಲೇ ಸ್ಪಂಜಿಗೆ ಕತ್ತರಿ ಹಾಕುತ್ತಾರೆ. "ನನ್ನ ಹೆಂಡ್ತಿ ಏನೂ ಅನ್ನಲ್ಲ ಮೇಸ್ತ್ರಿ" ಎಂದ ಗಿರಾಕಿಯನ್ನು ಅಲ್ಲೇ ಹಿಂದೆ ಕೂರಿಸಿ, ಮಂಡಿ ಎದೆಗೆ ಬಂದು ಆತ ಅಯ್ಯೋ ಎನ್ನುವವರೆಗೂ ಇಳಿಯಬಿಡುವುದಿಲ್ಲ: "ಏನೂ ಅನ್ನದೇ ಇರೋರ ಸೊಂಟಾನೇ ಮೊದ್ಲು ಹೋಗೋದು!" ಸೀಟು ಅಗಲಿಸಿ, ಕಾಲಿಡುವ ಕಂಬಿಯನ್ನು ನಾಲ್ಕು ಬೆರಳು ಇಳಿಸಿ, ಹಿಡಿದುಕೊಳ್ಳಲು ಹಿಡಿಯನ್ನೂ ಕೂರಿಸಿದ ಮೇಲೆ, ಗಿರಾಕಿಯ ಹಿಂದೆ ತಾವೇ ಹತ್ತಿ ಬೀದಿಯ ಗುಂಡಿಗಳನ್ನೆಲ್ಲ ಪರೀಕ್ಷಿಸಿ ಬರುತ್ತಾರೆ. ಗಾಡಿ ಓಡಿಸಲು ಮಾತ್ರ ಅವರಿಗೆ ಬರುವುದಿಲ್ಲ. ಸಂಜೆ ಅವರ ಹೆಂಡತಿಯೇ ಸ್ಕೂಟರ್ ತಂದು ಕರೆದೊಯ್ಯುತ್ತಾಳೆ. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಆಕೆ "ಸರಿಯಾಗಿ ಕೂತ್ರಾ?" ಎಂದು ಕೇಳದೆ, ಇವರು "ಹೂಂ" ಎನ್ನದೆ, ಆ ಗಾಡಿ ಹೊರಟಿದ್ದಿಲ್ಲ.