ಕಾಲು ನೆಲಕ್ಕೆ ತಾಗಿಸಿದ ಸೀಟು

ಮೌಂಟನ್ ಬೈಕಿನ ಸೀಟು ಎತ್ತರದಲ್ಲಿದ್ದರೆ ನನ್ನ ಮೊಣಕಾಲಿಗೆ ಹಿತ. ಆದರೆ ನಿಂತಾಗ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಎದುರಾದಾಗಲೆಲ್ಲ ಕಾಲೂರಲು ಕಲ್ಲು ಹುಡುಕಬೇಕಿತ್ತು. ಒಮ್ಮೆ ಬಿದ್ದ ಮೇಲೆ, ಸವಾರಿಯನ್ನೇ ಬಿಡುವುದೋ, ಗುಂಡಿ ಒತ್ತಿದರೆ ಸೀಟನ್ನು ತಗ್ಗಿಸಿ ಮತ್ತೆ ಏರಿಸುವ ಡ್ರಾಪರ್ ಸೀಟ್‌ಪೋಸ್ಟ್ ಕೊಳ್ಳುವುದೋ ಎಂಬ ಪ್ರಶ್ನೆ ಹೊತ್ತು ನಿಪ್ಪಾಣಿಯ ಅಂಗಡಿಗೆ ಹೋದೆ.

“ಇದು ಗುಡ್ಡ ಹಾರೋ ಹುಡುಗೂರದ್ದರಿ, ಅಕ್ಕಾರ. ನಿಮಗ್ಯಾಕ್ರಿ?” ಎಂದು ಅಂಗಡಿಯ ಸಲೀಂ ನಕ್ಕರು.

“ಜೋಡಿಸಿ. ಪರೀಕ್ಷಿಸಿದ ಮೇಲೆ ನಿರ್ಧರಿಸುತ್ತೇನೆ,” ಎಂದೆ.

ಜೋಡಿಸಿದ ಮೇಲೆ ಬೈಕು ಹತ್ತಿ ಹೊರಟರೆ, ಅಂಗಡಿಯಾಚೆಯ ತಿರುವಿನಲ್ಲೇ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು. ಬ್ರೇಕು ಹಿಡಿದು ಗುಂಡಿ ಒತ್ತಿದೆ. ಸೀಟು ತಗ್ಗಿತು, ಎರಡೂ ಪಾದಗಳು ನೆಲದ ಮೇಲೆ ಗಟ್ಟಿಯಾಗಿ ನಿಂತವು.

“ಭಾರಿ ನಿಂತ್ರಿ, ಆಜಿ!” ಎಂದು ಚಾಲಕ ಮರಾಠಿಯಲ್ಲಿ ನನ್ನನ್ನು ಅಜ್ಜಿಯಾಗಿಸಿ ಕೂಗಿದ.

ಅಂದೇ ಕೊಂಡೆ. ಈಗ ಮೊಣಕಾಲು ನೋವಿನವರು ಸಲೀಮರ ಅಂಗಡಿಗೆ ಬಂದು “ಅಕ್ಕಾರ ಸೀಟು” ಕೇಳುತ್ತಾರೆ. ಗುಡ್ಡ ಹಾರುವ ಹುಡುಗರು ಮಾತ್ರ ಇನ್ನೂ ಬಂದಿಲ್ಲವಂತೆ.