ರಜೆಯಲ್ಲಿ ಬಂದವನು

ನಾನು ಕೆಲಸಕ್ಕಿದ್ದ ದುಬೈಯ ಕಂಪನಿ ಬಾಗಿಲು ಹಾಕಿದ ಮೇಲೆ ಬೇಸಿಗೆಯಲ್ಲಿ ಇನ್ನಂಜೆಗೆ ವಾಪಸ್ ಬಂದಾಗ ಅಮ್ಮ ಊರಿಗೆಲ್ಲ ಹೇಳಿದ್ದು ಒಂದೇ ಮಾತು: ಮಗ ರಜೆಯಲ್ಲಿ ಬಂದಿದ್ದಾನೆ. ಹೇಳಿಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ. ಆಮೇಲೆ ಆ ರಜೆಯೇ ನನಗೆ ಉರುಳಾಯಿತು. ಕಾಪುವಿನಲ್ಲಿ ಮೀನಿನ ಟೆಂಪೋ ಓಡಿಸುವ ಕೆಲಸ ಸಿಕ್ಕಿತ್ತು, ಅಮ್ಮ ಬಿಡಲಿಲ್ಲ. ರಜೆಯಲ್ಲಿ ಬಂದವನು ಮೀನಿನ ಟೆಂಪೋ ಓಡಿಸಿದರೆ ಜನ ಎಂತ ಹೇಳಿಯಾರು ಅಂದಳು. ಜನ ನಮಗೆ ಅಕ್ಕಿ ತಂದು ಹಾಕುತ್ತಾರಾ ಅಂತ ರೇಗಿದೆ. ಮನೆಯಲ್ಲಿ ಇರುವುದೇ ನಾವಿಬ್ಬರು, ಆ ಇಬ್ಬರ ನಡುವೆಯೂ ಮಾತು ನಿಂತಿತು.

ಅಮ್ಮನಿಗೆ ರಕ್ತದ ಕ್ಯಾನ್ಸರ್. ದಿನಾ ಒಂದು ಮಾತ್ರೆ ನುಂಗಿದರೆ ಹತೋಟಿಯಲ್ಲಿರುತ್ತದೆ, ಬಿಟ್ಟರೆ ಇಲ್ಲ. ಆ ಸಲ ಮಣಿಪಾಲದ ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು ರಿಪೋರ್ಟ್ ನೋಡಿ, "ಮದ್ದು ಸರಿಯಾಗಿ ತೆಗೆದುಕೊಳ್ತಾ ಇಲ್ಲ ಅಲ್ವಾ?" ಅಂದರು. ಅಮ್ಮ ನೆಲ ನೋಡಿದಳು. ನನ್ನ ಉಳಿತಾಯ ಕರಗುವುದು ಕಂಡು ದಿನ ಬಿಟ್ಟು ದಿನ ನುಂಗುತ್ತಿದ್ದಳಂತೆ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇನ್ನೂ ಹೀಗೇ ಮಾಡಿದರೆ ಈ ಮದ್ದು ಕೆಲಸವನ್ನೇ ಮಾಡಲಿಕ್ಕಿಲ್ಲ ಎಂದು ಡಾಕ್ಟರು ನಮ್ಮನ್ನು ಕೆಳಗಿನ ಮಹಡಿಗೆ ಕಳುಹಿಸಿದರು. ಕಡಿಮೆ ಆದಾಯದವರ ಮದ್ದಿನ ಖರ್ಚು ನೋಡಿಕೊಳ್ಳುವ ಒಂದು ಟ್ರಸ್ಟಿನ ಮೇಡಂ ಅಲ್ಲಿ ಕೂರುತ್ತಿದ್ದರು.

ಮೇಡಂ ರೇಷನ್ ಕಾರ್ಡ್ ನೋಡಿ ಕೇಳಿದರು, "ಮನೆಯಲ್ಲಿ ದುಡಿಯುವವರು ಯಾರಿದ್ದಾರೆ?"

ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ, ಗಂಡನ ಶುಗರಿನ ಚೀಟಿ ಹಿಡಿದುಕೊಂಡು, ನಮ್ಮ ಹಿಂದಿನ ಕುರ್ಚಿಯಲ್ಲೇ ಬಂದು ಕೂತರು. ಅಮ್ಮನ ಬೆನ್ನು ನೆಟ್ಟಗಾಯಿತು.

"ಮಗ ದುಬೈಯಲ್ಲಿದ್ದಾನೆ. ಈಗ ರಜೆಯಲ್ಲಿ ಬಂದದ್ದು."

ಮೇಡಂ ಪೆನ್ನು ಕೆಳಗಿಟ್ಟರು. "ವಿದೇಶದ ಸಂಬಳ ಉಂಟಾದರೆ ನಮ್ಮಿಂದ ಆಗುವುದಿಲ್ಲ ಅಮ್ಮ."

"ಸಂಬಳ ಇಲ್ಲ ಮೇಡಂ, ಕಂಪನಿ ಮುಚ್ಚಿದೆ," ಅಂದೆ. ಅಮ್ಮ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು.

"ಒಬ್ಬರು ಉಂಟು ಅಂತೀರಿ, ಒಬ್ಬರು ಇಲ್ಲ ಅಂತೀರಿ. ನಾನು ಯಾವುದನ್ನು ಬರೆಯುವುದು? ಮದ್ದು ಬೇಕಾದವರೇ ಹೇಳಲಿ."

ಅಮ್ಮ ಮೇಜಿನ ಮೇಲಿದ್ದ ರೇಷನ್ ಕಾರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. ಮನೆಯ ಡಬ್ಬಿಯಲ್ಲಿ ಮಾತ್ರೆ ಮುಗಿದಿತ್ತು. ಮೇಡಂ ಮುಂದಿನವರನ್ನು ಕರೆಯಲು ತಲೆ ಎತ್ತಿದರು. ಹೇಳು ಮಾರಾಯ್ತಿ, ಒಂದು ಸಲ ಹೇಳಿಬಿಡು ಅಂತ ಒಳಗೊಳಗೇ ಬೇಡಿಕೊಂಡೆ.

ಅಮ್ಮ ಹಿಂದಕ್ಕೆ ತಿರುಗಿ ದೊಡ್ಡಮ್ಮನ ಮುಖವನ್ನೇ ನೋಡಿದಳು.

"ಇವನಿಗೆ ಕೆಲಸ ಇಲ್ಲ ಅಕ್ಕ. ರಜೆ ಅಂತ ನಾನು ಸುಳ್ಳು ಹೇಳಿದ್ದು."

"ಗೊತ್ತುಂಟು ಮಾರಾಯ್ತಿ," ಅಂದರು ದೊಡ್ಡಮ್ಮ. "ಮಳೆಗಾಲ ಮುಗಿದರೂ ಮುಗಿಯದ ರಜೆ ಯಾವ ಕಂಪನಿಯಲ್ಲಿ ಉಂಟು? ನೀನು ಮೊದಲು ಮದ್ದಿನದ್ದು ನೋಡು."

ಮೇಡಂ ನಗಲಿಲ್ಲ. ಪೆನ್ನು ಎತ್ತಿಕೊಂಡು, ಕೆಲಸ ಹೋದದ್ದಕ್ಕೆ ಕಂಪನಿಯ ಕಾಗದ ಕೇಳಿದರು. ಅದು ನನ್ನ ಫೋನಿನಲ್ಲಿತ್ತು. ಸಂಜೆಯೊಳಗೆ ಮೊದಲ ತಿಂಗಳ ಮಾತ್ರೆ ಕೈಗೆ ಬಂತು.

ಕ್ಯಾಂಟೀನಿನಲ್ಲಿ ಬನ್ಸ್ ತಿಂದು ಅಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡಳು. ನಿಜವಾಗಿ ನುಂಗಿದಳಾ ಅಂತ ನಾನು ಎದುರು ಕೂತು ದಿಟ್ಟಿಸುತ್ತಿದ್ದೆ. ಅವಳು ಬಾಯಿ ದೊಡ್ಡದಾಗಿ ತೆರೆದು ತೋರಿಸಿದಳು. ನನಗೆ ಅಳುವೇ ಬಂತು.

"ಆ ಟೆಂಪೋದವನಿಗೆ ಫೋನ್ ಮಾಡು," ಅಂದಳು. "ನಿನ್ನ ರಜೆ ಮುಗಿಯಿತು."